ಎಳೆಯ ಮಕ್ಕಳಿಗೆ ಪರದೆಯ ಭಾಷಾಪಾಠ: ಜ್ಞಾನದಾನವೋ, ಪ್ರತಿರೂಪಕ ವ್ಯವಹಾರವೋ?

ಮಗುವಿಗೆ ಅನ್ನಪ್ರಾಶನವಾಗುವ ಮೊದಲೇ ಅನೇಕ ಮನೆಗಳಿಗೆ ಇಂಗ್ಲಿಷ್, ಫ್ರೆಂಚ್, ಜರ್ಮನ್ ಭಾಷೆಗಳ ವಿಡಿಯೊ ಪಾಠಗಳು ಬಂದು ಸೇರುತ್ತವೆ. ಮೊದಲು ಅವು ಕ್ಯಾಸೆಟ್ಟುಗಳಾಗಿದ್ದವು, ಅನಂತರ ಡಿ.ವಿ.ಡಿ.ಗಳಾದವು, ಈಗ ಮೊಬೈಲ್ ಫೋನಿನಲ್ಲಿಯೇ ದೊರೆಯುತ್ತವೆ. ರೂಪ ಬದಲಾದರೂ ಮಾರುವವರ ಮಾತು ಬದಲಾಗಿಲ್ಲ: ಮಗುವನ್ನು ಪರದೆಯ ಮುಂದೆ ಕುಳ್ಳಿರಿಸಿದರೆ ಸಾಕು, ಭಾಷೆ ತಾನಾಗಿ ಬರುವುದು. ಉದ್ಯೋಗ, ವ್ಯಾಪಾರಗಳ ನಿಮಿತ್ತ ಹೊರದೇಶಗಳ ನಂಟು ಬೆಳೆದಿರುವ ಜೈನ ಕುಟುಂಬಗಳಿಗೆ ಈ ಮಾತು ರುಚಿಸುವುದು ಸಹಜ. ಪಾಠಶಾಲೆ, ಶಿಶುವಿಹಾರಗಳನ್ನು ನಡೆಸುವ ಟ್ರಸ್ಟುಗಳಿಗೂ ಇದು ಅಗ್ಗದ ದಾರಿಯಾಗಿ ಕಾಣುತ್ತದೆ. ಶಿಕ್ಷಕಿಗೆ ತಿಂಗಳು ತಿಂಗಳೂ ಸಂಬಳ ಕೊಡಬೇಕು. ಪರದೆಗೆ ಒಮ್ಮೆ ಹಣ ತೆತ್ತರೆ ಮುಗಿಯಿತು. ಆದರೆ ಆ ಮಾತು ಸತ್ಯವೇ? ಸತ್ಯಾಣುವ್ರತವನ್ನು ಒಪ್ಪಿದ ಶ್ರಾವಕರು ಮಾರುವಾಗ ಮಾತ್ರವಲ್ಲ, ಕೊಳ್ಳುವಾಗಲೂ ಕೇಳಬೇಕಾದ ಪ್ರಶ್ನೆಯಿದು.

ಈ ಪ್ರಶ್ನೆಗೆ ಸ್ಪಷ್ಟವಾದ ಉತ್ತರವೊಂದು 2003ರಲ್ಲಿಯೇ ಪ್ರಕಟವಾಗಿದೆ. ಅಮೆರಿಕದ ಸಿಯಾಟಲ್‌ನಲ್ಲಿರುವ ವಾಷಿಂಗ್ಟನ್ ವಿಶ್ವವಿದ್ಯಾಲಯದ ಪೆಟ್ರೀಷಿಯಾ ಕೂಲ್ ಮತ್ತು ಅವರ ಸಹೋದ್ಯೋಗಿಗಳು, ಇಂಗ್ಲಿಷನ್ನು ಮಾತ್ರ ಕೇಳಿ ಬೆಳೆದ ಒಂಬತ್ತು ತಿಂಗಳ ಶಿಶುಗಳಿಗೆ ಚೀನೀಯರ ಮ್ಯಾಂಡರಿನ್ ಭಾಷೆಯನ್ನು ಕೇಳಿಸಿದರು. ಕೆಲವು ಶಿಶುಗಳ ಎದುರಿಗೆ ಆ ಭಾಷೆಯವರೇ ಕುಳಿತು ಪುಸ್ತಕ ಓದಿದರು, ಆಟಿಕೆಗಳನ್ನು ತೋರಿಸಿ ಆಡಿಸಿದರು. ತಲಾ ಸುಮಾರು 25 ನಿಮಿಷಗಳ 12 ಕೂಟಗಳಾದ ಮೇಲೆ, ಆ ಭಾಷೆಯ ಸೂಕ್ಷ್ಮವಾದ ಧ್ವನಿಭೇದವನ್ನು ಗುರುತಿಸುವುದರಲ್ಲಿ ಈ ಶಿಶುಗಳು ತೈವಾನಿನಲ್ಲಿ ಅದನ್ನು ಹುಟ್ಟಿನಿಂದ ಕೇಳುತ್ತ ಬಂದ ಶಿಶುಗಳಿಗೆ ಸರಿಸಾಟಿಯಾದವು. ಬೇರೆ ಶಿಶುಗಳಿಗೆ ಅದೇ ಜನರನ್ನು, ಅದೇ ಪಾಠಗಳನ್ನು, ಅಷ್ಟೇ ಹೊತ್ತು ಪರದೆಯ ಮೇಲೆ ತೋರಿಸಲಾಯಿತು. ಅವು ಮ್ಯಾಂಡರಿನ್ನನ್ನು ಕೇಳಿಯೇ ಇರದ ಶಿಶುಗಳಿಗಿಂತ ಒಂದು ಕೂದಲೆಳೆಯಷ್ಟೂ ಮೇಲಾಗಲಿಲ್ಲ.

ಧ್ವನಿ ಒಂದೇ, ಮುಖ ಒಂದೇ. ಆದರೂ ಫಲ ಬೇರೆಯಾಯಿತೇಕೆ? ಜೈನ ದರ್ಶನವನ್ನು ಬಲ್ಲವರಿಗೆ ಇದು ವಿಸ್ಮಯವಾಗಬೇಕಿಲ್ಲ. ಉಮಾಸ್ವಾತಿಗಳು ತತ್ತ್ವಾರ್ಥಸೂತ್ರದಲ್ಲಿ ಮತಿಜ್ಞಾನಕ್ಕೆ ಅವಗ್ರಹ, ಈಹಾ, ಅವಾಯ, ಧಾರಣಾ ಎಂಬ ನಾಲ್ಕು ಹಂತಗಳನ್ನು ಹೇಳಿದ್ದಾರೆ. ಪರದೆಯ ಸದ್ದು ಶಿಶುವಿನ ಕಿವಿಗೆ ಬೀಳುತ್ತದೆ. ಅದು ಅವಗ್ರಹ ಮಾತ್ರ. ‘ಇದೇನು?’ ಎಂದು ಅರಸುವ ಈಹೆ, ‘ಇದೇ’ ಎಂದು ನಿಶ್ಚಯಿಸುವ ಅವಾಯ, ಅದನ್ನು ಉಳಿಸಿಕೊಳ್ಳುವ ಧಾರಣೆಗಳಿಗೆ ಎಳೆಯ ಮಗುವಿಗೆ ಎದುರಿನ ವ್ಯಕ್ತಿಯ ಆಸರೆ ಬೇಕು. ಆ ವ್ಯಕ್ತಿಯ ನೋಟ ಹೋದ ಕಡೆಗೆ ಮಗುವಿನ ನೋಟವೂ ಹೋಗುತ್ತದೆ. ಮಗು ತೊದಲಿದರೆ ಆತ ಮರುನುಡಿಯುತ್ತಾನೆ, ಮಗು ಬೇಸತ್ತರೆ ನಿಲ್ಲಿಸುತ್ತಾನೆ. ಪರದೆಯಾದರೋ ಮಗು ನಕ್ಕರೂ ಅತ್ತರೂ ತನ್ನ ಪಾಡಿಗೆ ಮಾತನಾಡುತ್ತಲೇ ಇರುತ್ತದೆ.

ಅನೇಕ ತಾಯಿತಂದೆಯರು ‘ನಮ್ಮ ಮಗು ನೋಡಿಯೇ ಕಲಿಯಿತು’ ಎನ್ನುವುದುಂಟು. ಜೂಡಿ ಡಿಲೋಚ್ ಮತ್ತು ಸಂಗಡಿಗರು 2010ರಲ್ಲಿ ಪ್ರಕಟಿಸಿದ ಅಧ್ಯಯನ ಈ ಮಾತನ್ನೂ ಒರೆಗೆ ಹಚ್ಚಿದೆ. ಒಂದರಿಂದ ಒಂದೂವರೆ ವರ್ಷದ ಮಕ್ಕಳು ನಾಲ್ಕು ವಾರ ಜನಪ್ರಿಯ ವಿಡಿಯೊ ಒಂದನ್ನು ನೋಡಿದರೂ, ನೋಡದ ಮಕ್ಕಳಿಗಿಂತ ಹೆಚ್ಚು ಪದಗಳನ್ನು ಕಲಿಯಲಿಲ್ಲ. ವಿಡಿಯೊ ಇಲ್ಲದೆ ತಾಯಿತಂದೆಯರೇ ದಿನನಿತ್ಯದ ಒಡನಾಟದಲ್ಲಿ ಕಲಿಸಿದ ಮಕ್ಕಳು ಎಲ್ಲರಿಗಿಂತ ಮುಂದಿದ್ದರು. ಮಕ್ಕಳ ಸ್ವಂತ ಭಾಷೆಯ ಪದಗಳ ಗತಿಯೇ ಹೀಗಾದರೆ ಪರಭಾಷೆಯ ಪಾಡೇನು? ಇನ್ನೊಂದು ಸಂಗತಿಯೂ ಕಂಡುಬಂದಿತು. ವಿಡಿಯೊವನ್ನು ಮೆಚ್ಚಿದ ತಾಯಿತಂದೆಯರು ತಮ್ಮ ಮಗು ಅದರಿಂದ ಬಹಳ ಕಲಿತಿದೆಯೆಂದು ನಂಬಿದ್ದರು. ಮೋಹವು ದೃಷ್ಟಿಯನ್ನು ಮರೆಮಾಡುವುದೆಂದರೆ ಇದೇ ಅಲ್ಲವೇ?

ಹಾಗೆಂದು ಏಕಾಂತವಾದಕ್ಕೆ ಬೀಳಬಾರದು. ಬರಹ ಬಲ್ಲ ಬೆಳೆದ ಮಕ್ಕಳಿಗೆ, ಶಿಕ್ಷಕರ ಪಾಠಕ್ಕೆ ಪೂರಕವಾಗಿ ವಿಡಿಯೊ ಉಪಯೋಗಕ್ಕೆ ಬರಬಹುದು. ಎರಡರಿಂದ ಎರಡೂವರೆ ವರ್ಷದ ಮಕ್ಕಳು ಮುದ್ರಿತ ವಿಡಿಯೊದಿಂದ ಕಲಿಯದ ಹೊಸ ಕ್ರಿಯಾಪದಗಳನ್ನು, ಎದುರುಬದುರಾಗಿ ಮಾತನಾಡುವ ವಿಡಿಯೊ ಕರೆಯಿಂದ ಕಲಿತರೆಂದು 2014ರ ಅಧ್ಯಯನವೊಂದು ತೋರಿಸಿದೆ. ಜೊತೆಗೆ ಇನ್ನೊಂದು ಶಿಶುವಿದ್ದಾಗ ಪರದೆಯಿಂದಲೂ ಕಲಿಕೆ ಉತ್ತಮಗೊಂಡಿತೆಂದು ಕೂಲ್ ಅವರ ತಂಡವೇ 2018ರಲ್ಲಿ ವರದಿ ಮಾಡಿದೆ. ಆದರೆ ಈ ಅಪವಾದಗಳು ಹೇಳುವುದೂ ಅದೇ ಮಾತನ್ನು: ಕಲಿಸುವುದು ಗಾಜಿನ ಹಲಗೆಯಲ್ಲ, ಜೀವದ ಸಂಗ. ಪರಸ್ಪರೋಪಗ್ರಹದ ತತ್ತ್ವ ತೊಟ್ಟಿಲಿನಿಂದಲೇ ಆರಂಭವಾಗುತ್ತದೆ.

ಇನ್ನು ವ್ಯಾಪಾರದ ನೀತಿ. ಅಚೌರ್ಯಾಣುವ್ರತದ ಅತಿಚಾರಗಳಲ್ಲಿ ಪ್ರತಿರೂಪಕ ವ್ಯವಹಾರವೂ ಒಂದು. ನಿಜ ವಸ್ತುವಿನ ಬೆಲೆಗೆ ಅದರ ಹೋಲಿಕೆಯನ್ನು ಮಾರುವುದು. ಶಿಶುವಿಗೆ ಭಾಷೆಯನ್ನು ಕೊಡುವೆನೆಂದು ಹೇಳಿ ಭಾಷೆಯ ನೆರಳನ್ನು ಮಾರುವುದು ಬೇರೇನು? ‘ಬೇಬಿ ಐನ್‌ಸ್ಟೈನ್’ ಎಂಬ ಪ್ರಸಿದ್ಧ ಶಿಶು ವಿಡಿಯೊಗಳನ್ನು ಮಾರುತ್ತಿದ್ದ ಡಿಸ್ನಿ ಸಂಸ್ಥೆ, ಬಳಕೆದಾರರ ಪರವಾದ ಒತ್ತಡ ಬಂದ ಮೇಲೆ 2009ರಲ್ಲಿ ಕೊಂಡವರಿಗೆ ಹಣ ಹಿಂದಿರುಗಿಸಲು ಮುಂದಾಯಿತು. ದೋಷವನ್ನು ಮಾತ್ರ ಒಪ್ಪಿಕೊಳ್ಳಲಿಲ್ಲ. ಹಣ ಮರಳಿ ಬರಬಹುದು, ಮಗುವಿನ ಆ ತಿಂಗಳುಗಳು ಮರಳಿ ಬರಲಾರವು. ಒಂದು ವರ್ಷದೊಳಗಿನ ಶಿಶುಗಳಿಗೆ ಪರದೆ ಬೇಡವೇ ಬೇಡವೆಂದೂ, ಎರಡರಿಂದ ನಾಲ್ಕು ವರ್ಷದವರಿಗೆ ದಿನಕ್ಕೆ ಒಂದು ಗಂಟೆ ಮೀರಬಾರದೆಂದೂ ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಸೂಚಿಸಿದೆ.

ಟ್ರಸ್ಟುಗಳ ಕೈಯಲ್ಲಿರುವುದು ದಾನಿಗಳ ದ್ರವ್ಯ. ಜ್ಞಾನದಾನದ ಹೆಸರಿನಲ್ಲಿ ಅದನ್ನು ಪರದೆಗೆ ಸುರಿಯುವ ಮುನ್ನ, ಆ ಭಾಷೆಯನ್ನು ಬಲ್ಲ ಒಬ್ಬ ನಿವೃತ್ತ ಶಿಕ್ಷಕರಿಗೆ ವಾರಕ್ಕೆ ನಾಲ್ಕು ಗಂಟೆಯ ಗೌರವಧನ ಕೊಡಲಾಗದೇ ಎಂದು ಆಡಳಿತ ಮಂಡಳಿಗಳು ಯೋಚಿಸಲಿ. ವಿದೇಶದಲ್ಲಿರುವ ಕುಟುಂಬಗಳು ಮಗುವಿಗೆ ಕನ್ನಡದ ವಿಡಿಯೊ ಹಾಕಿ ಕೊಡುವ ಬದಲು ಊರಿನ ಅಜ್ಜಿಗೆ ಕರೆ ಮಾಡಲಿ.

ಆದಿನಾಥ ಸ್ವಾಮಿಯು ಬ್ರಾಹ್ಮಿಗೆ ಲಿಪಿಯನ್ನೂ ಸುಂದರಿಗೆ ಅಂಕಿಯನ್ನೂ ತೊಡೆಯ ಮೇಲೆ ಕುಳ್ಳಿರಿಸಿಕೊಂಡು ಕಲಿಸಿದನೆಂದು ಪುರಾಣ ಹೇಳುತ್ತದೆ. ಇಂದಿಗೂ ಕನ್ನಡ, ತುಳು ಮನೆಮಾತಿನ ಜೈನ ಮಕ್ಕಳು ಪ್ರಾಕೃತದ ಪಂಚನಮಸ್ಕಾರ ಮಂತ್ರವನ್ನು ಹಿರಿಯರ ಬಾಯಿಂದಲೇ ಕಲಿಯುತ್ತಾರೆ. ಮನೆಯಲ್ಲಿ ಯಾರೂ ಆಡದ ಭಾಷೆಯ ಅಕ್ಷರಗಳು ಆ ಎಳೆಯ ನಾಲಗೆಯ ಮೇಲೆ ನಿಲ್ಲುವುದು, ತಪ್ಪಿದಾಗ ತಿದ್ದುವ ಒಬ್ಬರು ಪಕ್ಕದಲ್ಲಿ ಕುಳಿತಿರುವುದರಿಂದ. ಪರಭಾಷೆಯನ್ನು ಕಲಿಸಬಯಸುವವರು ಆ ಸ್ಥಾನವನ್ನು ಮೊದಲು ತುಂಬಲಿ.