ವಿಮಾನಕ್ಕೆ ಆರು ಗಂಟೆ, ಮನೆಯಿಂದ ಎಷ್ಟು?

ಬೆಂಗಳೂರಿನಿಂದ ಜಿದ್ದಾಕ್ಕೆ ಆಕಾಶಮಾರ್ಗದಲ್ಲಿ ಸುಮಾರು 4,200 ಕಿ.ಮೀ. ನೇರ ವಿಮಾನವಾದರೆ ಆರು ಗಂಟೆಯ ಆಸುಪಾಸು. ಸೌದಿಯ ಗಡಿಯಾರ ನಮಗಿಂತ ಎರಡೂವರೆ ಗಂಟೆ ಹಿಂದೆ. ಬೆಳಿಗ್ಗೆ 8ಕ್ಕೆ ಹತ್ತಿದವರು ಅಲ್ಲಿಯ 11.30ಕ್ಕೆ ಇಳಿಯುತ್ತಾರೆ. ಟಿಕೆಟ್ ನೋಡಿದವರಿಗೆ ಮೂರೂವರೆ ಗಂಟೆಯ ದಾರಿ ಅಂತ ಅನಿಸಿದರೆ ಆಶ್ಚರ್ಯವಿಲ್ಲ.

ಆದರೆ ಹಜ್ ಯಾತ್ರಿಕರ ದಾರಿ ಶುರುವಾಗುವುದು ಮನೆ ಬಾಗಿಲಿನಿಂದ. ಕೊಪ್ಪಳ ಜಿಲ್ಲೆಯ ಯಲಬುರ್ಗಾವನ್ನೇ ನೋಡಿ. ಅಲ್ಲಿಂದ ಬೆಂಗಳೂರಿಗೆ ರಸ್ತೆಯಲ್ಲಿ ಸುಮಾರು 400 ಕಿ.ಮೀ. ಹೈದರಾಬಾದ್ ಕೂಡ ಹೆಚ್ಚುಕಡಿಮೆ ಅಷ್ಟೇ ದೂರ. ಹುಬ್ಬಳ್ಳಿ ವಿಮಾನ ನಿಲ್ದಾಣ ಹತ್ತಿರವಿದ್ದರೂ ಅಲ್ಲಿಂದ ಸೌದಿಗೆ ವಿಮಾನವಿಲ್ಲ. 2025ರ ಮೇಯಲ್ಲಿ ಕುಷ್ಟಗಿ–ಹುಬ್ಬಳ್ಳಿ ರೈಲು ಶುರುವಾಗಿ ಹುಬ್ಬಳ್ಳಿ ಹತ್ತಿರವಾಯಿತು, ಜಿದ್ದಾ ಆಗಲಿಲ್ಲ. ಆ ಊರಿನ ಹಿರಿಯರಿಗೆ ವಿಮಾನದಲ್ಲಿ ಕೂರುವುದಕ್ಕಿಂತ ಹೆಚ್ಚು ಹೊತ್ತು ಬಸ್ಸಿನಲ್ಲೇ ಕಳೆಯುತ್ತದೆ.

ಕರಾವಳಿಯ ನಮ್ಮ ಕಥೆಯೂ ಈಗ ಅದೇ. ಕೋವಿಡ್‌ಗೆ ಮೊದಲು ಬಜ್ಪೆಯಿಂದಲೇ ಹಜ್ ವಿಮಾನ ಹೊರಡುತ್ತಿತ್ತು. 2022ರಲ್ಲಿ ಹಜ್ ಮತ್ತೆ ಶುರುವಾದಾಗ ದೇಶದಲ್ಲಿ 10 ಕಡೆ ಮಾತ್ರ ಅವಕಾಶ ಸಿಕ್ಕಿತು. ಆ ಪಟ್ಟಿಯಲ್ಲಿ ಮಂಗಳೂರು ಇರಲಿಲ್ಲ. ಉಮ್ಮ, ಬಾಪ ಶಿರಾಡಿ ಘಾಟಿ ಹತ್ತಿ ಬೆಂಗಳೂರಿಗೆ ಹೋಗಬೇಕಾಯಿತು.

ಮಂಗಳೂರಿಗೆ ಹಜ್ ವಿಮಾನ ಮರಳಬೇಕೆಂಬ ಬೇಡಿಕೆ ನ್ಯಾಯವೇ. ಜೊತೆಗೆ ಒಂದು ಲೆಕ್ಕವನ್ನೂ ಹಾಕಿಕೊಳ್ಳಬೇಕು. ಹತ್ತಿರದ ನಿಲ್ದಾಣ ಅಂದರೆ ಕಡಿಮೆ ಖರ್ಚು ಅಂತೇನೂ ಇಲ್ಲ. 2024ರಲ್ಲಿ ಕೋಝಿಕ್ಕೋಡ್‌ನ ಹಜ್ ವಿಮಾನ ದರ ಕಣ್ಣೂರಿಗಿಂತ ಬಹಳ ಹೆಚ್ಚು ಬಂದು ಕೇರಳದಲ್ಲಿ ದೊಡ್ಡ ಗದ್ದಲವಾಯಿತು. ಆ ಎರಡು ನಿಲ್ದಾಣಗಳ ನಡುವೆ ಆಕಾಶದಲ್ಲಿ ನೂರು ಕಿ.ಮೀ. ಕೂಡ ಇಲ್ಲ. 2020ರ ದುರಂತದ ನಂತರ ಕೋಝಿಕ್ಕೋಡ್‌ನ ಗುಡ್ಡದ ರನ್‌ವೇಗೆ ದೊಡ್ಡ ವಿಮಾನ ಇಳಿಯುವಂತಿಲ್ಲ. ಸಣ್ಣ ವಿಮಾನದಲ್ಲಿ ಸೀಟು ಕಡಿಮೆ, ತಲೆಗೆ ಬೀಳುವ ಖರ್ಚು ಜಾಸ್ತಿ. ಕಣ್ಣೂರಿನ ರನ್‌ವೇ 3,050 ಮೀಟರ್. ನಮ್ಮ ಬಜ್ಪೆಯದು 2,450 ಮೀಟರ್, ಅದೂ ಗುಡ್ಡದ ಮೇಲೆ.

ಹಾಗಾಗಿ "ವಿಮಾನ ಕೊಡಿ" ಎಂದಷ್ಟೇ ಕೇಳಿದರೆ ಸಾಲದು. ಯಾವ ಗಾತ್ರದ ವಿಮಾನ, ದರ ಎಷ್ಟು ಎಂದೂ ಕೇಳಬೇಕು. ರನ್‌ವೇ ವಿಸ್ತರಣೆಯನ್ನೂ ಅದೇ ಮನವಿಯಲ್ಲಿ ಬರೆಯಬೇಕು.

ಅಲ್ಲಿಯವರೆಗೆ ಅರ್ಜಿ ತುಂಬುವ ಮನೆಯವರು ಮೂರು ವಿಷಯ ಕೂತು ನೋಡಲಿ: ಮನೆಯಿಂದ ನಿಲ್ದಾಣಕ್ಕೆ ಎಷ್ಟು ಗಂಟೆ, ಕಳೆದ ವರ್ಷ ಅಲ್ಲಿಂದ ದರ ಎಷ್ಟಿತ್ತು, ಬಿಡಲು ಹೋಗುವವರ ಖರ್ಚೆಷ್ಟು. ವಿಮಾನ ನೇರ ಜಿದ್ದಾಕ್ಕಾದರೆ ಇಳಿಯುವ ಮೊದಲೇ ಮೀಕಾತ್ ದಾಟುತ್ತದೆ. ಇಹ್ರಾಮ್ ಬಟ್ಟೆ ಲಗೇಜಿಗೆ ಹಾಕದೆ ಕೈಚೀಲದಲ್ಲೇ ಇರಲಿ.