ಅಕ್ಟೋಬರ್‌ನ ಮೂಳೆ, ಜೂನ್‌ನ ಗೆಲುವು

2024ರ ಅಕ್ಟೋಬರ್‌ನಲ್ಲಿ ಆಸ್ಟ್ರೇಲಿಯಾದ ಮೆಲ್ಬರ್ನ್ ಕಪ್‌ನಲ್ಲಿ ಓಡಲು ಬಂದಿದ್ದ ಯಾನ್ ಬ್ರೂಗಲ್ ಎಂಬ ಕುದುರೆಯನ್ನು ಪಶುವೈದ್ಯರು ಕಾಲಿನ ಸ್ಕ್ಯಾನ್ ನೋಡಿ ಕಣದಿಂದ ಹೊರಗಿಟ್ಟರು. ಟ್ರೇನರ್ ಏಡನ್ ಒಬ್ರಿಯನ್ ಬಹಿರಂಗವಾಗಿಯೇ ಸಿಡಿಮಿಡಿಗೊಂಡರು. 2025ರ ಜೂನ್‌ನಲ್ಲಿ ಅದೇ ಕುದುರೆ ಇಂಗ್ಲೆಂಡಿನ ಎಪ್ಸಮ್‌ನಲ್ಲಿ ಕೊರೊನೇಷನ್ ಕಪ್ ಗೆದ್ದಿತು. ಓಟಕ್ಕೆ ಮುನ್ನ ಕಾಲಿನ ಸ್ಕ್ಯಾನ್ ಕಡ್ಡಾಯ ಎಂಬ ನಿಯಮದ ವಿರೋಧಿಗಳಿಗೆ ಇನ್ನೇನು ಬೇಕು?

ಆ ಗೆಲುವಿನಿಂದ ಏನೂ ಸಾಬೀತಾಗುವುದಿಲ್ಲ. ಸ್ಕ್ಯಾನ್ ಉಳಿಯಲೇಬೇಕು.

ಈ ಜಗಳದಲ್ಲಿ ಯಾರೂ ಎತ್ತದ ಲೆಕ್ಕವೊಂದಿದೆ: 22ರಲ್ಲಿ 21. 2018–19ರ ಚಳಿಗಾಲದಲ್ಲಿ ಕ್ಯಾಲಿಫೋರ್ನಿಯಾದ ಸಾಂಟಾ ಅನಿಟಾದಲ್ಲಿ ಕುದುರೆಗಳು ಸಾಲುಸಾಲಾಗಿ ಸತ್ತಾಗ ಎಲ್ಲರೂ ಬೈದದ್ದು ಮಳೆಯನ್ನು, ಟ್ರ್ಯಾಕ್‌ನ ಮಣ್ಣನ್ನು. ಓಟ ನಿಲ್ಲಿಸಿ ಮಣ್ಣನ್ನು ಪರೀಕ್ಷಿಸಿದ್ದೂ ಆಯಿತು. 2020ರ ಮಾರ್ಚ್‌ನಲ್ಲಿ ರಾಜ್ಯದ ಕುದುರೆ ಓಟ ಮಂಡಳಿಯ ವರದಿ ಬಂತು. ತನಿಖೆಯಾದ 23 ಸಾವುಗಳಲ್ಲಿ 22 ಮೂಳೆ ಮುರಿದು ಆದವು. ಆ 22ರ ಪೈಕಿ 21ರಲ್ಲಿ, ಮುರಿದ ಜಾಗದಲ್ಲೇ ಹಳೆಯ ಹಾನಿಯ ಗುರುತಿತ್ತು. ನಿಷೇಧಿತ ಮದ್ದಿನ ಸುಳಿವು ಸಿಗಲಿಲ್ಲ.

ಇದು ಹೊಸ ಸುದ್ದಿಯೇನಲ್ಲ. ರೇಸ್‌ಕೋರ್ಸ್‌ನಲ್ಲಿ ಸತ್ತ ಕುದುರೆಗಳ ಮರಣೋತ್ತರ ಪರೀಕ್ಷೆಯನ್ನು ಕ್ಯಾಲಿಫೋರ್ನಿಯಾ 1990ರಿಂದ ಡೇವಿಸ್‌ನ ವಿಶ್ವವಿದ್ಯಾಲಯದ ಜೊತೆಗೂಡಿ ನಡೆಸುತ್ತಿದೆ. ಅಲ್ಲಿ ಮತ್ತೆಮತ್ತೆ ಕಂಡದ್ದು ಇದೇ. ವೇಗದ ತಾಲೀಮಿನಿಂದ ಮೂಳೆಯಲ್ಲಿ ಸೂಕ್ಷ್ಮ ಬಿರುಕು ಬೀಳುತ್ತದೆ. ದೇಹ ಮೊದಲು ಹಾಳಾದ ಭಾಗವನ್ನು ಕರಗಿಸಿ, ಬಳಿಕ ಹೊಸದನ್ನು ತುಂಬುತ್ತದೆ. ಕರಗಿಸುವುದು ಬೇಗ, ತುಂಬುವುದು ನಿಧಾನ. ನಡುವಿನ ವಾರಗಳಲ್ಲಿ ಮೂಳೆ ದುರ್ಬಲ. ವಿರಾಮ ಮುಗಿಸಿ ಬಂದ ಕುದುರೆಯನ್ನು ಆತುರದಲ್ಲಿ ಓಡಿಸಿದರೆ ಭುಜದ ಕೆಳಗಿನ ಮೂಳೆ ಮುರಿಯುವ ಸಂಭವ ಹೆಚ್ಚು ಎಂಬುದು 1990ರ ದಶಕದಲ್ಲೇ ಗೊತ್ತಾಗಿತ್ತು.

ಹಾಗಾದರೆ ಯಾನ್ ಬ್ರೂಗಲ್ ಹೇಗೆ ಗೆದ್ದಿತು? ಅಕ್ಟೋಬರ್‌ನ ಮೂಳೆಯೇ ಜೂನ್‌ನ ಮೂಳೆಯಲ್ಲ. ನಡುವೆ ಏಳು ತಿಂಗಳಿವೆ. ಇಂಥ ಗುರುತಿರುವ ಕುದುರೆಗಳೆಲ್ಲ ಬೀಳುವುದೂ ಇಲ್ಲ. ಸ್ಕ್ಯಾನ್ ಭವಿಷ್ಯ ಹೇಳುವುದಿಲ್ಲ, ಅಪಾಯವನ್ನು ಅಳೆಯುತ್ತದೆ. 2020ರ ಮೆಲ್ಬರ್ನ್ ಕಪ್‌ನಲ್ಲಿ ಕಾಲು ಮುರಿದುಕೊಂಡು ಸತ್ತ ಆಂಥನಿ ವ್ಯಾನ್ ಡೈಕ್ ಕೂಡ ಒಬ್ರಿಯನ್ ಅವರ ಲಾಯದ್ದೇ, ಡರ್ಬಿ ಗೆದ್ದ ಕುದುರೆ. ಮೆಲ್ಬರ್ನ್‌ನ ಬಿಗಿ ನಿಯಮಗಳು ಹುಟ್ಟಿದ್ದು ಆ ಸಾವಿನಿಂದ.

ಅಮೆರಿಕದಲ್ಲಿ 2009ರಲ್ಲಿ ಕುದುರೆಗಳು ಕಣಕ್ಕಿಳಿದ ಪ್ರತಿ ಸಾವಿರ ಬಾರಿಗೆ 2 ಇದ್ದ ಸಾವಿನ ಪ್ರಮಾಣ 2023ರಲ್ಲಿ 1.32ಕ್ಕೆ ಇಳಿದಿತ್ತು. ಸ್ಕ್ಯಾನ್ ಎಂಬ ಒಂದೇ ಯಂತ್ರದಿಂದ ಆದ ಕೆಲಸವಲ್ಲ ಅದು.

ಸ್ಕ್ಯಾನ್‌ನ ನಿಜವಾದ ಕೊರತೆ ಬೇರೆಯೇ ಇದೆ. ಅದು ದೊಡ್ಡ ಕಪ್‌ನ ದುಬಾರಿ ಕುದುರೆಗೆ ಸಿಗುತ್ತದೆ, ವಾರದ ಸಣ್ಣ ಓಟದ ಕುದುರೆಗೆ ಸಾಮಾನ್ಯವಾಗಿ ಸಿಗುವುದಿಲ್ಲ. ಅಂಥ ಕುದುರೆ ಬಿದ್ದ ಮರುದಿನ ಮಣ್ಣು ಕೆದಕುವವರು ಮೊದಲು ಲಾಯದ ದಾಖಲೆ ಕೇಳಲಿ: ಆರು ತಿಂಗಳಲ್ಲಿ ಎಷ್ಟು ವೇಗದ ತಾಲೀಮು, ಎಷ್ಟು ವಾರ ವಿರಾಮ, ಯಾವ ಕೀಲಿಗೆ ಯಾವ ಚುಚ್ಚುಮದ್ದು? ಬೆಂಗಳೂರು, ಮೈಸೂರಿನ ರೇಸ್‌ಕೋರ್ಸ್‌ಗಳಲ್ಲೂ ಇದನ್ನೇ ಕೇಳಬೇಕು.