ಬಾಣಂತಿಯ ಪಥ್ಯ: ತೆಗೆದುದಕ್ಕೆ ಬದಲೇನು?

ಕೊಳ್ಳೇಗಾಲ, ಹನೂರು, ಯಳಂದೂರು ತಾಲ್ಲೂಕುಗಳ ಮನೆಗಳಲ್ಲಿ ಬಾಣಂತಿಯು ಏನನ್ನು ಉಣ್ಣಬಾರದೆಂದು ಹೇಳಬಲ್ಲವರು ಬಹು ಮಂದಿ ಉಂಟು. ಏನನ್ನು ಉಣ್ಣಬೇಕೆಂಬುದನ್ನು ಅಷ್ಟೇ ಆಸ್ಥೆಯಿಂದ ಹೇಳತಕ್ಕವರು ವಿರಳ. ಬದನೆ ನಂಜು, ಕುಂಬಳ ಶೀತ, ಅವರೆ ವಾಯು, ಸೊಪ್ಪು ತಿಂದರೆ ಕೂಸಿಗೆ ಭೇದಿ, ನೀರು ಹೆಚ್ಚಾದರೆ ಹೊಟ್ಟೆ ದಪ್ಪವಾದೀತು ಎಂಬ ನಿಷೇಧಗಳು ತಲೆಮಾರಿನಿಂದ ತಲೆಮಾರಿಗೆ ಇಳಿದು ಬಂದಿವೆ. ಈಚೆಗೆ ಅವುಗಳೊಡನೆ ಮತ್ತೊಂದು ಪಟ್ಟಿಯೂ ಸೇರಿಕೊಳ್ಳುತ್ತಲಿದೆ: ಕೂಸಿನ ಮೈಮೇಲೆ ಗಂದೆ ಎದ್ದಿತೆಂದೋ ಮಲದಲ್ಲಿ ರಕ್ತದ ಎಳೆ ಕಂಡಿತೆಂದೋ ತಾಯಿಯು ಹಾಲು, ಮೊಟ್ಟೆ, ಕಡಲೆಕಾಯಿಗಳನ್ನು ಬಿಡಬೇಕೆಂಬ ಅಲರ್ಜಿಯ ಪಥ್ಯ. ಈ ಎರಡು ಪಥ್ಯಗಳೂ ಒಂದೇ ತಟ್ಟೆಯ ಮೇಲೆ ಬಂದೆರಗಿದಾಗ ಅದರಲ್ಲಿ ಉಳಿಯುವುದು ಬಿಳಿಯ ಅನ್ನ, ಮೆಣಸಿನ ಸಾರು, ಸುಟ್ಟ ಬೆಳ್ಳುಳ್ಳಿಯ ನಾಲ್ಕು ಎಸಳು. ಹಾಲೂಡುವ ತಾಯಿಯ ಆಹಾರದಿಂದ ಯಾವುದೊಂದು ಪದಾರ್ಥವನ್ನು ತೆಗೆಯುವವರೂ ಅದನ್ನು ಎಷ್ಟು ಕಾಲ ತೆಗೆಯತಕ್ಕದ್ದು, ಅದರ ಸ್ಥಾನದಲ್ಲಿ ಯಾವುದನ್ನು ಇಡತಕ್ಕದ್ದು ಎಂಬ ಎರಡು ಪ್ರಶ್ನೆಗಳಿಗೆ ಆಗಲೇ ಉತ್ತರ ಹೇಳಲು ಬದ್ಧರಾಗಿರಬೇಕೆಂಬುದೇ ಈ ಲೇಖನದ ವಾದ.

ಮೊದಲಿಗೆ ವ್ಯಾಧಿಯ ಸ್ವರೂಪವನ್ನು ವಿವೇಚಿಸೋಣ. ತಾಯಿಗೇ ಕಡಲೆಕಾಯಿಯೋ ಮೀನೋ ಆಗದಿದ್ದರೆ ಅವಳು ಅದನ್ನು ಬಾಣಂತನದಲ್ಲಿ ಮಾತ್ರವಲ್ಲ, ಸದಾಕಾಲವೂ ವರ್ಜಿಸಬೇಕಾದೀತು. ಕೂಸಿನ ಅಲರ್ಜಿಯಾದರೋ ಬೇರೆ ಬಗೆಯದು. ತಾಯಿ ಕುಡಿದ ಹಸುವಿನ ಹಾಲಿನ ಪ್ರೋಟೀನಿನ ಅತ್ಯಲ್ಪ ಅಂಶವು ಅವಳ ಎದೆಹಾಲಿಗೂ ಬರುತ್ತದೆ. ಕೆಲವೇ ಕೂಸುಗಳ ದೇಹವು ಅದನ್ನು ಸಹಿಸದೆ, ಮಲದಲ್ಲಿ ಲೋಳೆ ಮತ್ತು ರಕ್ತ, ಪದೇ ಪದೇ ವಾಂತಿ, ವಾಸಿಯಾಗದ ಇಸುಬು ಮೊದಲಾದ ಚಿಹ್ನೆಗಳನ್ನು ತೋರುತ್ತದೆ. ತಾಯಿಹಾಲನ್ನಷ್ಟೇ ಕುಡಿಯುವ ಮಕ್ಕಳಲ್ಲಿ ಇದು ಸುಮಾರು 200ಕ್ಕೆ ಒಂದರಷ್ಟು ಮಾತ್ರವೆಂದು ವೈದ್ಯಶಾಸ್ತ್ರದ ಅಂದಾಜು. ಆದಕಾರಣ ಕೂಸು ಅತ್ತುದಕ್ಕೆಲ್ಲ ಹಾಲನ್ನು ದೂಷಿಸಲಾಗದು. ಸಂಶಯವಿದ್ದಲ್ಲಿ ವೈದ್ಯರ ಸಲಹೆಯಂತೆ ಎರಡರಿಂದ ನಾಲ್ಕು ವಾರಗಳ ಕಾಲ ಹಾಲಿನ ಪದಾರ್ಥಗಳನ್ನು ಪೂರ್ತಿಯಾಗಿ ಬಿಟ್ಟು, ಗುಣ ಕಂಡ ತರುವಾಯ ಮತ್ತೆ ಕೊಟ್ಟು ನೋಡಿ, ಚಿಹ್ನೆಗಳು ಮರಳಿದರೆ ಮಾತ್ರ ಪಥ್ಯವನ್ನು ಮುಂದುವರಿಸುವುದು ಕ್ರಮ. ಮರಳಿ ಕೊಟ್ಟು ನೋಡುವ ಈ ಎರಡನೆಯ ಹೆಜ್ಜೆಯನ್ನು ಬಿಟ್ಟುಬಿಡುವುದರಿಂದಲೇ ಎಷ್ಟೋ ತಾಯಂದಿರು ಇಲ್ಲದ ಅಲರ್ಜಿಗಾಗಿ ತಿಂಗಳುಗಟ್ಟಲೆ ಉಪವಾಸಪ್ರಾಯರಾಗಿ ಕಾಲ ಕಳೆಯಬೇಕಾಗುತ್ತದೆ. ಹಾಲೂಡುವುದನ್ನು ಮಾತ್ರ ಯಾವ ಹಂತದಲ್ಲಿಯೂ ನಿಲ್ಲಿಸಬೇಕಾದುದಿಲ್ಲ.

ಅಲರ್ಜಿ ಬಾರದಿರಲೆಂದು ಮುಂಗಡವಾಗಿಯೇ ಪದಾರ್ಥಗಳನ್ನು ಬಿಡುವ ಪದ್ಧತಿಗೂ ಈಗ ಆಧಾರವಿಲ್ಲ. ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿಯು 2000ನೆಯ ಇಸವಿಯಲ್ಲಿ, ಅಲರ್ಜಿಯ ಮನೆತನದ ಹಾಲೂಡುವ ತಾಯಂದಿರು ಕಡಲೆಕಾಯಿಯನ್ನು ಬಿಡಬೇಕೆಂದು ಸೂಚಿಸಿದ್ದಿತು. ಅದರಿಂದ ಪ್ರಯೋಜನವುಂಟೆಂಬುದಕ್ಕೆ ಸಾಕಷ್ಟು ಪ್ರಮಾಣ ದೊರೆಯದೆ 2008ರಲ್ಲಿ ಆ ನಿಲುವನ್ನು ಬದಲಿಸಿಕೊಂಡಿತು. ಅತಿಪಥ್ಯದಿಂದಾಗುವ ಹಾನಿಗಾದರೋ ನಮ್ಮ ನಾಡಿನಲ್ಲಿಯೇ ನಿದರ್ಶನವುಂಟು. ಪಾಲಿಷ್ ಮಾಡಿದ ಅಕ್ಕಿಯ ಅನ್ನವನ್ನೇ ನೆಚ್ಚಿ, ಕಾಳು ತರಕಾರಿಗಳನ್ನು ಬಿಟ್ಟ ಬಾಣಂತಿಯರ ಎದೆಹಾಲಿನಲ್ಲಿ ಥಯಾಮಿನ್ ಎಂಬ ಬಿ-1 ಜೀವಸತ್ವವು ಕ್ಷೀಣಿಸಿ, ಆ ಹಾಲನ್ನೇ ಕುಡಿದ ಕೂಸುಗಳು ಏದುಸಿರು ಬಿಡುತ್ತ ಹೃದಯದ ತೊಂದರೆಯಿಂದ ಆಸ್ಪತ್ರೆ ಸೇರಿದುದನ್ನೂ, ಥಯಾಮಿನ್ ಕೊಟ್ಟೊಡನೆ ಚೇತರಿಸಿಕೊಂಡುದನ್ನೂ ಬೆಂಗಳೂರಿನ ವೈದ್ಯರು 2021ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ವಿವರಿಸಿದ್ದಾರೆ. ಕೂಸಿನ ರಕ್ಷಣೆಗೆಂದು ಹೂಡಿದ ಪಥ್ಯವು ಕೂಸಿನ ಪ್ರಾಣಕ್ಕೇ ಎರವಾಗಬಲ್ಲುದೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಸಾಕ್ಷ್ಯವು ಬೇಕಿಲ್ಲ.

ಹಾಲೂಡುವ ತಾಯಿಗೆ ಮೊದಲ ಆರು ತಿಂಗಳಲ್ಲಿ ನಿತ್ಯದ ಆಹಾರಕ್ಕಿಂತ ಸುಮಾರು 600 ಕ್ಯಾಲೊರಿ, 17 ಗ್ರಾಮಿನಷ್ಟು ಪ್ರೋಟೀನು ಹೆಚ್ಚಾಗಿ ಬೇಕೆಂದೂ, ದಿನಕ್ಕೆ 1200 ಮಿಲಿಗ್ರಾಂ ಕ್ಯಾಲ್ಸಿಯಂ ಅಗತ್ಯವೆಂದೂ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯು 2020ರಲ್ಲಿ ನಿಗದಿಪಡಿಸಿದೆ. ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಕರ್ನಾಟಕದ 15ರಿಂದ 49ರ ವಯಸ್ಸಿನ ಹೆಂಗಸರಲ್ಲಿ ಶೇಕಡಾ 47.8ರಷ್ಟು ಮಂದಿ ರಕ್ತಹೀನತೆಯುಳ್ಳವರು. ಇಂತಹ ತಾಯಿಯಿಂದ ಹಾಲು ಮೊಸರುಗಳನ್ನು ಕಿತ್ತುಕೊಂಡರೆ ಆಗತಕ್ಕ ನಷ್ಟವು ಸಾಮಾನ್ಯವಾದುದಲ್ಲ. ಶಾಕಾಹಾರಿ ಕುಟುಂಬಗಳಲ್ಲಂತೂ ಬಿ-12 ಜೀವಸತ್ವಕ್ಕೆ ಹಾಲು ಮೊಸರುಗಳೇ ಮುಖ್ಯ ಮೂಲ. ಅವನ್ನು ಬಿಟ್ಟ ತಾಯಿಗೆ ಯಾವ ಕಾಳೂ ಯಾವ ಸೊಪ್ಪೂ ಅದನ್ನು ಕೊಡಲಾರವು. ತಾಯಿಯಲ್ಲಿ ಬಿ-12 ಕೊರತೆಯಾದರೆ ಕೂಸಿನ ರಕ್ತವೂ ನರಮಂಡಲವೂ ಬಳಲುತ್ತವೆ. ಆದುದರಿಂದ ಶಾಕಾಹಾರಿ ಬಾಣಂತಿಗೆ ಹಾಲು ಬಿಡಿಸುವ ವೈದ್ಯರು ಬಿ-12ರ ಮಾತ್ರೆಯನ್ನು ಅದೇ ಚೀಟಿಯಲ್ಲಿ ಬರೆಯುವುದು ಅನಿವಾರ್ಯ. ಮಾಂಸ, ಮೀನು, ಮೊಟ್ಟೆ ಒಗ್ಗುವ ಮನೆಗಳಲ್ಲಿ ಈ ಕೊರತೆಯನ್ನು ಅಡುಗೆಯೇ ತುಂಬೀತು.

ಉಳಿದುದಕ್ಕೆ ನಮ್ಮ ನೆಲವು ಬಡವಾದುದಲ್ಲ. ಹನೂರಿನ ಮಳೆಯಾಶ್ರಿತ ಹೊಲಗಳ ರಾಗಿ, ಹುರುಳಿ, ಅವರೆ, ಹುಚ್ಚೆಳ್ಳುಗಳು ಈ ಪಥ್ಯಕ್ಕೆಂದೇ ಬೆಳೆದಂತಿವೆ. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಉಂಟು, ಅಂದರೆ 300 ಮಿಲಿಲೀಟರು ಹಸುವಿನ ಹಾಲಿನಲ್ಲಿರುವಷ್ಟು; ರಾಗಿಯನ್ನು ಮೊಳಕೆ ಕಟ್ಟಿ ಒಣಗಿಸಿ ಬೀಸಿದರೆ ಅದು ದೇಹಕ್ಕೆ ಇನ್ನೂ ಚೆನ್ನಾಗಿ ಹತ್ತುತ್ತದೆ. 100 ಗ್ರಾಂ ಹುರುಳಿಯಲ್ಲಿ ಪ್ರೋಟೀನು ಸುಮಾರು 22 ಗ್ರಾಂ. ಬೆಳಗ್ಗೆ ಬೆಲ್ಲ ಹಾಕಿ ಕಾಯಿಹಾಲಿನಲ್ಲಿ ಕಾಯಿಸಿದ ಮೊಳಕೆ ರಾಗಿಯ ಗಂಜಿ, ಮಧ್ಯಾಹ್ನ ಮುದ್ದೆಗೆ ಹುರುಳಿ ಬಸ್ಸಾರು, ಬಸಿದ ಕಾಳಿಗೆ ಕಾಯಿತುರಿಯ ಒಗ್ಗರಣೆ, ಮೇಲೆ ಹಿಂಡಿದ ನಿಂಬೆಹಣ್ಣು, ರಾತ್ರಿ ಅನ್ನದೊಡನೆ ನುಗ್ಗೆಸೊಪ್ಪಿನ ಪಲ್ಯ ಮತ್ತು ಹುಚ್ಚೆಳ್ಳು ಚಟ್ನಿ: ಇಂತಹ ತಟ್ಟೆಯಲ್ಲಿ ಹಾಲಿಲ್ಲ, ಮೊಟ್ಟೆಯಿಲ್ಲ, ಕಡಲೆಕಾಯಿಯಿಲ್ಲ, ಆದರೂ ಅದು ದರಿದ್ರವಲ್ಲ. ಬಿಳಿಗಿರಿರಂಗನ ಬೆಟ್ಟದ ಸೋಲಿಗರು ಬಲ್ಲ ಕಾಡಿನ ಸೊಪ್ಪುಗೆಡ್ಡೆಗಳ ಜ್ಞಾನವೂ ಇಲ್ಲಿ ಗೌರವಕ್ಕೆ ಪಾತ್ರವಾದುದು. ಒಂದು ತಪ್ಪನ್ನು ಮಾತ್ರ ಮಾಡಲಾಗದು: ಹಸುವಿನ ಹಾಲು ಒಗ್ಗದಿದ್ದರೆ ಆಡಿನ ಹಾಲೋ ಎಮ್ಮೆಯ ಹಾಲೋ ಆದೀತೆಂಬ ನಂಬಿಕೆ. ಅವುಗಳ ಪ್ರೋಟೀನು ಹಸುವಿನ ಹಾಲಿನದನ್ನೇ ಬಹುಮಟ್ಟಿಗೆ ಹೋಲುವುದರಿಂದ ಕೂಸಿನ ಉಪದ್ರವವು ನಿಲ್ಲುವುದಿಲ್ಲ.

ಮನೆಯ ಅಡುಗೆಯಲ್ಲಿ ಹಾಲನ್ನು ಬಿಡುವುದು ಸುಲಭ. ಅಂಗಡಿಯ ಪೊಟ್ಟಣದಲ್ಲಿ ಅದನ್ನು ಗುರುತಿಸುವುದು ಕಷ್ಟ. ಬಾಣಂತಿಯನ್ನು ನೋಡಲು ಬರುವವರು ತರುವ ಬನ್ನು, ಬಿಸ್ಕತ್ತು, ಮಾಲ್ಟ್ ಪುಡಿಗಳಲ್ಲಿ ಹಾಲಿನ ಪುಡಿಯು ಅಡಗಿರುವುದು ಸಾಮಾನ್ಯ. ಹಾಲು, ಮೊಟ್ಟೆ, ಕಡಲೆಕಾಯಿ, ಸೋಯಾ, ಗೋಧಿ ಮೊದಲಾದವುಗಳಿದ್ದರೆ ಪೊಟ್ಟಣದ ಮೇಲೆ ಪ್ರತ್ಯೇಕವಾಗಿ ನಮೂದಿಸಬೇಕೆಂದು ಕಾನೂನು ವಿಧಿಸುತ್ತದೆ. ಆದರೆ ಆ ನಮೂದು ಇಂಗ್ಲಿಷಿನಲ್ಲಿಯೋ ಹಿಂದಿಯಲ್ಲಿಯೋ ಇದ್ದರೆ ಸಾಕು. ಕನ್ನಡವನ್ನಷ್ಟೇ ಓದಬಲ್ಲ ತಾಯಿಗೆ ಆ ರಕ್ಷಣೆಯು ಇದ್ದೂ ಇಲ್ಲದಂತೆ. ಅಲರ್ಜಿಯ ಸೂಚನೆಯೊಂದನ್ನಾದರೂ ಪ್ರಾಂತಭಾಷೆಯಲ್ಲಿ ಮುದ್ರಿಸಬೇಕೆಂದು ಒತ್ತಾಯಿಸುವುದು ನಮ್ಮ ಜನಪ್ರತಿನಿಧಿಗಳ ಕರ್ತವ್ಯ.

ಸರ್ಕಾರದ ಹೊಣೆಯು ಇಷ್ಟಕ್ಕೇ ಮುಗಿಯುವುದಿಲ್ಲ. 2017ರ ಅಕ್ಟೋಬರ್ 2ರಂದು ರಾಜ್ಯಾದ್ಯಂತ ಆರಂಭವಾದ ಮಾತೃಪೂರ್ಣ ಯೋಜನೆಯು ಗರ್ಭಿಣಿಯರಿಗೂ ಬಾಣಂತಿಯರಿಗೂ ಅಂಗನವಾಡಿಯಲ್ಲಿ ಬಿಸಿಯೂಟವನ್ನು ಒದಗಿಸುವ ಶ್ಲಾಘ್ಯವಾದ ಕಾರ್ಯ. ಅದರ ಪಟ್ಟಿಯಲ್ಲಿರುವುದು ಅನ್ನ, ಸಾಂಬಾರು, ಮೊಟ್ಟೆ, 200 ಮಿಲಿಲೀಟರು ಹಾಲು, ಕಡಲೆಕಾಯಿ ಚಿಕ್ಕಿ. ಅಲರ್ಜಿಯ ಪಥ್ಯದಲ್ಲಿರುವ ತಾಯಿಗೆ ಈ ಊಟದ ಸಾರಭಾಗವೇ ನಿಷಿದ್ಧವಾಗಿ, ಅನ್ನ ಸಾಂಬಾರಷ್ಟೇ ಮಿಗುತ್ತದೆ. ಮೊಟ್ಟೆ ತಿನ್ನದವರಿಗೆ ಮೊಳಕೆಕಾಳು ಕೊಡುವ ಅವಕಾಶವನ್ನು ಯೋಜನೆಯು ಮೊದಲಿನಿಂದಲೂ ಇರಿಸಿಕೊಂಡಿದೆ. ಆಚಾರದ ಕಾರಣಕ್ಕೆ ಬದಲಿ ಕೊಡಬಹುದಾದರೆ ಆರೋಗ್ಯದ ಕಾರಣಕ್ಕೆ ಕೊಡಲಾಗದೆ? ವೈದ್ಯರ ಚೀಟಿಯನ್ನು ತಂದ ತಾಯಿಗೆ ಹಾಲಿಗೆ ಬದಲು ರಾಗಿಗಂಜಿ, ಕಡಲೆಕಾಯಿ ಚಿಕ್ಕಿಗೆ ಬದಲು ಹುರಿಗಡಲೆಯ ಉಂಡೆ, ಜೊತೆಗೆ ಹುರುಳಿಯ ಮೊಳಕೆ ಕೊಡುವುದು ಅಂಗನವಾಡಿಯ ಒಲೆಗೆ ಮೀರಿದ ಕೆಲಸವಲ್ಲ.

ಗೋಪಿನಾಥಂ, ಪಾಲಾರ್‌ಗಳಂತಹ ದೂರದ ಊರುಗಳಿಂದ ತಜ್ಞವೈದ್ಯರ ಬಳಿಗೆ ಹೋಗುವುದೆಂದರೆ ಹಸಿ ಬಾಣಂತಿಗೆ ಒಂದು ಇಡಿಯ ದಿನದ ಆಯಾಸ. ಅಷ್ಟು ದೂರದಿಂದ ಬಂದವಳಿಗೆ 'ಹಾಲು ಬಿಡಿ' ಎಂಬ ಎರಡು ಮಾತಿನ ಆಜ್ಞೆಯು ಚಿಕಿತ್ಸೆಯಾಗಲಾರದು. ಮನೆಯ ಹಿರಿಯರನ್ನೂ ದೂರುವುದರಲ್ಲಿ ಅರ್ಥವಿಲ್ಲ. ವಿಶ್ರಾಂತಿ, ಎರೆದ ನೀರು, ಸಬ್ಬಸಿಗೆ, ಬೆಳ್ಳುಳ್ಳಿ, ಕೊಬ್ಬರಿಬೆಲ್ಲಗಳನ್ನೊಳಗೊಂಡ ಅವರ ಬಾಣಂತನದಲ್ಲಿ ಉಳಿಸಿಕೊಳ್ಳತಕ್ಕದ್ದು ಬಹಳವಿದೆ. ಬಹುಪಾಲು ಮಕ್ಕಳಲ್ಲಿ ಹಾಲಿನ ಅಲರ್ಜಿಯು ಒಂದರಿಂದ ಮೂರು ವರ್ಷಗಳೊಳಗಾಗಿ ತಾನೇ ಶಮನವಾಗುವುದರಿಂದ ಈ ಪಥ್ಯಕ್ಕೆ ಅಂತ್ಯವೂ ಉಂಟು. ವೈದ್ಯರ ಚೀಟಿಯಲ್ಲಿ ಬಿಡಬೇಕಾದುದರ ಹೆಸರಿನ ಕೆಳಗೆ ಅದರ ಬದಲಿನ ಹೆಸರೂ ಮರಳಿ ಕೊಟ್ಟು ನೋಡುವ ತಾರೀಖೂ ಕನ್ನಡದಲ್ಲಿ ಬರೆದಿರಲಿ. ಅಂಗನವಾಡಿಯ ಕಾರ್ಯಕರ್ತೆಯೂ ಮನೆಯ ಅತ್ತೆಯೂ ಅದೇ ಚೀಟಿಯನ್ನು ನೋಡಿ ಅಡುಗೆ ಮಾಡಲಿ. ಅಷ್ಟು ನಡೆದರೆ, ಕೂಸಿಗಾಗಿ ಒಂದನ್ನು ಬಿಟ್ಟ ತಾಯಿಯು ಅದರ ಜೊತೆಗೆ ಉಳಿದೆಲ್ಲವನ್ನೂ ಬಿಟ್ಟು ಕೃಶಳಾಗಬೇಕಾದ ಕಾರಣವೇ ಇರುವುದಿಲ್ಲ.